ಮೀನಿನ ತೊಟ್ಟಿಯ ಸ್ವಿಚ್ಚು

ನಮ್ಮ ವಾಚನಾಲಯದ ಮೂಲೆಯಲ್ಲಿರುವ ಮೀನಿನ ತೊಟ್ಟಿಯನ್ನು ಕಾಣದ ವಿದ್ಯಾರ್ಥಿ ಯಾರು? ಪರೀಕ್ಷೆ ಸಮೀಪಿಸಿದಾಗ ಪುಸ್ತಕಕ್ಕಿಂತ ಹೆಚ್ಚಾಗಿ ಅದನ್ನೇ ನೋಡುವವರೂ ಉಂಟು. ಈ ವರ್ಷ ಅದರ ದೀಪ ಒಂದು ದಿನ ಹತ್ತಿ ಎರಡು ದಿನ ಹತ್ತದೆ ಎಲ್ಲರಿಗೂ ಬೇಸರ ತಂದಿತು. ಒಬ್ಬರು ಟೆಸ್ಟರ್ ತಂದು ಸಾಕೆಟ್ಟಿನ ಬಲಗಡೆಯ ತೂತಿಗೆ ಇಟ್ಟರು, ಅದು ಮಿನುಗಿತು. "ಸಾಕೆಟ್ಟು ಸರಿಯಾಗಿದೆ, ದೀಪವೇ ಕೆಟ್ಟಿದೆ" ಎಂದು ತೀರ್ಪಾಯಿತು. ದೀಪವನ್ನು ಎರಡು ಸಲ ಬದಲಾಯಿಸಿದರು. ಹೊಸ ದೀಪಗಳೂ ಹಳೆಯದರ ಚಾಳಿಯನ್ನೇ ಹಿಡಿದವು!

ಕಲಾ ಕಾಲೇಜಿನವರಿಗೆ ಈ ವಯರುಗಳ ಗೊಡವೆ ಏಕೆ ಎಂದು ಕೇಳಬಹುದು. ಬೋರ್ಡು ಬಿಚ್ಚುವುದು ವಯರ್‌ಮನ್ನನ ಕೆಲಸ, ಅದರಲ್ಲಿ ವಾದವಿಲ್ಲ. ಆದರೆ ದೋಷ ಎಲ್ಲಿದೆಯೆಂದು ಊಹಿಸುವುದು ತರ್ಕಶಾಸ್ತ್ರ ಓದುವವರಿಗೂ ಸೇರಿದ ಕೆಲಸವೇ. ಟೆಸ್ಟರ್ ಮಿನುಗಿದರೆ ಫೇಸ್ ತಂತಿಯಲ್ಲಿ ವಿದ್ಯುತ್ತು ಅಲ್ಲಿಯವರೆಗೆ ಬಂದಿದೆ ಎಂದಷ್ಟೇ ಸಿದ್ಧವಾಗುತ್ತದೆ. ದೀಪ ಉರಿಯಬೇಕಾದರೆ ಅದು ನ್ಯೂಟ್ರಲ್ ತಂತಿಯಲ್ಲಿ ಹಿಂದಿರುಗಲು ದಾರಿಯೂ ಇರಬೇಕಲ್ಲವೆ? ಆ ದಾರಿಯ ವಿಷಯದಲ್ಲಿ ಟೆಸ್ಟರ್ ಮೌನವಾಗಿರುತ್ತದೆ. ಟೆಸ್ಟರ್ ಮಿನುಗದಿದ್ದರೂ ವಿದ್ಯುತ್ತಿಲ್ಲ ಎಂದು ನಂಬುವಂತಿಲ್ಲ. ಒಣ ಮರದ ಸ್ಟೂಲಿನ ಮೇಲೆ ನಿಂತು ಹಗಲು ಬೆಳಕಿನಲ್ಲಿ ನೋಡಿದರೆ ಅದರ ಮಿಣುಕು ಕಾಣದೆಯೂ ಹೋಗಬಹುದು.

ಖರ್ಚಿಲ್ಲದ ಪರೀಕ್ಷೆಯೊಂದಿತ್ತು. ತೊಟ್ಟಿಯ ದೀಪವನ್ನು ಬೇರೆ ಸಾಕೆಟ್ಟಿಗೂ, ಸರಿಯಾಗಿ ಉರಿಯುವ ಮೇಜಿನ ದೀಪವೊಂದನ್ನು ಈ ಸಾಕೆಟ್ಟಿಗೂ ಒಣ ಕೈಯಿಂದ ಹಾಕಿ ನೋಡುವುದು. ಕೊನೆಗೆ ಹಾಗೆ ಮಾಡಿದಾಗ ತೊಟ್ಟಿಯ ದೀಪ ಝಗ್ಗೆಂದು ಹತ್ತಿತು, ಮೇಜಿನ ದೀಪ ಕತ್ತಲಾಗಿ ಕುಳಿತಿತು. ವಯರ್‌ಮನ್ ಬಂದು ಮೇನ್ ಆರಿಸಿ ಬೋರ್ಡು ಬಿಚ್ಚಿದ. ಸ್ವಿಚ್ಚಿನೊಳಗಿನ ತಗಡು ಸುಟ್ಟು ಕರಿಕಾಗಿತ್ತು. ಅದು ಅಂಥ ದೊಡ್ಡ ಸಂಗತಿಯಲ್ಲ, ಹಳೆಯ ಸ್ವಿಚ್ಚುಗಳ ಗತಿಯೇ ಅಷ್ಟು. ಆದರೆ ಸ್ವಿಚ್ಚಿಗೆ ಜೋಡಿಸಿದ್ದದ್ದು ಕಪ್ಪು ತಂತಿ, ಎಂದರೆ ನ್ಯೂಟ್ರಲ್. ಕೆಂಪು ತಂತಿ ನೇರವಾಗಿ ಸಾಕೆಟ್ಟಿಗೆ ಹೋಗಿತ್ತು.

ನನ್ನನ್ನು ಈ ಲೇಖನಕ್ಕೆ ಎಳೆದದ್ದು ಇದೇ. ಸ್ವಿಚ್ಚು ಯಾವಾಗಲೂ ಫೇಸ್ ತಂತಿಯಲ್ಲಿರಬೇಕು. ನ್ಯೂಟ್ರಲಿನಲ್ಲಿಟ್ಟರೂ ದೀಪ ಹತ್ತುತ್ತದೆ, ಆರುತ್ತದೆ. ಆದ್ದರಿಂದ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ದೀಪ ಆರಿದ್ದರೂ 230 ವೋಲ್ಟು ತೊಟ್ಟಿಯ ತಗಡಿನ ಮುಚ್ಚಳದೊಳಗಿನ ಹೋಲ್ಡರಿನವರೆಗೂ ಬಂದು ನಿಂತಿರುತ್ತದೆ. ವಾರಕ್ಕೊಮ್ಮೆ ಸ್ವಿಚ್ಚು ಆರಿಸಿ, ಅದನ್ನೇ ನಂಬಿ, ಮೊಳಕೈವರೆಗೆ ನೀರಿಗೆ ಕೈಹಾಕಿ ಪಾಚಿ ಉಜ್ಜುತ್ತಿದ್ದವರು ನಮ್ಮ ಅಟೆಂಡರ್. ಫ್ಯೂಸು ಇದೆಯಲ್ಲ ಎನ್ನಬೇಡಿ. 5 ಆಂಪಿಯರಿನ ಫ್ಯೂಸು ಸುಡುವ ಬಹು ಮೊದಲೇ ಮನುಷ್ಯನ ಪ್ರಾಣ ಹೋದೀತು. ಅದಕ್ಕೆ ಆಂಪಿಯರಿನ ಹತ್ತನೆಯ ಒಂದು ಭಾಗವೂ ಸಾಕು.

ಹೊಸ ಸ್ವಿಚ್ಚು ಹಾಕಿ ತಂತಿಗಳನ್ನು ಸರಿಪಡಿಸಿದ್ದಾರೆ, ಸಂತೋಷ. ಆದರೂ ನನ್ನ ಅಭಿಪ್ರಾಯದಲ್ಲಿ ತೊಟ್ಟಿಗೆ ಕೈಹಾಕುವ ಮುನ್ನ ಪ್ಲಗ್ಗನ್ನೇ ಕಿತ್ತಿಡಬೇಕು. ಗೋಡೆಯೊಳಗಿನ ತಂತಿ ಹೇಗಿದೆಯೆಂದು ಯಾರೂ ನೋಡಿ ಬಂದಿಲ್ಲ. ಕಿತ್ತ ಪ್ಲಗ್ಗನ್ನು ಮಾತ್ರ ಎಲ್ಲರೂ ಕಣ್ಣಾರೆ ಕಾಣಬಹುದು. ಇದಕ್ಕೆ ಸಮಯವಿಲ್ಲ ಎನ್ನುವಂತೆಯೂ ಇಲ್ಲ. ದೀಪ ನಾಲ್ಕು ದಿನ ಇಲ್ಲದಿದ್ದರೆ ಮೀನುಗಳೇನೂ ಸಾಯುವುದಿಲ್ಲ, ಕಿಟಕಿಯ ಬೆಳಕು ಅವಕ್ಕೆ ಸಾಕು. ಗಾಳಿಯ ಪಂಪು ಬಹುಕಾಲ ನಿಂತರೆ ಮಾತ್ರ ಯೋಚಿಸಬೇಕು.

ಇನ್ನೆರಡು ಕೆಲಸ ಬಾಕಿ ಇವೆ. 30 ಮಿಲಿ ಆಂಪಿಯರ್ ಸೋರಿದೊಡನೆ ವಿದ್ಯುತ್ತನ್ನು ಕಡಿಯುವ ಆರ್.ಸಿ.ಸಿ.ಬಿ. ಈ ಬೋರ್ಡಿಗೆ ಇನ್ನೂ ಬಂದಿಲ್ಲ. ವಾರ್ಷಿಕೋತ್ಸವದ ಹಾರತುರಾಯಿಗಳಲ್ಲಿ ಕೆಲವನ್ನು ಬಿಟ್ಟರೆ ಅದರ ಹಣ ಹೊರಟೀತೆಂದು ಕಾಣುತ್ತದೆ. ಸಾಕೆಟ್ಟಂತೂ ಈಗಲೂ ತೊಟ್ಟಿಯ ಅಂಚಿಗಿಂತ ಗೇಣು ಕೆಳಗಿದೆ. ಅದನ್ನು ಮೇಲಕ್ಕೆ ಸರಿಸುವವರೆಗೆ, ವಯರು ಪ್ಲಗ್ಗಿಗಿಂತ ಕೆಳಗೆ ಜೋತು ಬಳಸಿ ಬರುವಂತೆ ಯಾರಾದರೂ ಕಟ್ಟಿಟ್ಟರೆ, ಅದರ ಮೇಲೆ ಹರಿದ ನೀರು ಪ್ಲಗ್ಗಿನೊಳಕ್ಕೆ ಇಳಿಯದೆ ನೆಲಕ್ಕೆ ತೊಟ್ಟಿಕ್ಕುತ್ತದೆ.