ಕೊಳಗ ಮತ್ತು ಸಾಲಿಗ್ರಾಮ

ಯು.ಆರ್. ಅನಂತಮೂರ್ತಿಯವರನ್ನು ಕಾದಂಬರಿಕಾರರಾಗಿ ಓದಿದವರು ಬಹಳ ಮಂದಿ, ಸಾರ್ವಜನಿಕ ಜಗಳಗಳ ನಡುವೆ ಕಂಡವರು ಅದಕ್ಕಿಂತ ಹೆಚ್ಚು. ಮಾರ್ಕ್ಸ್‌ವಾದವನ್ನೂ ದೇವರ ಪ್ರಶ್ನೆಯನ್ನೂ ಕೊನೆಯವರೆಗೆ ಬಿಡದೆ ಕೆದಕಿದ ಚಿಂತಕರೆಂದು ಅವರನ್ನು ಗಮನಿಸಿದವರು ಕಡಿಮೆ. ಆ ಎರಡು ಪ್ರಶ್ನೆಗಳು ಅವರೊಳಗೆ ಕೂಡಿದ್ದು ಅವರು ಮುಂದೆ ಸಂಶೋಧನೆಗೆ ಹೋದ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಗೇಣಿ ಗದ್ದೆಗಳಲ್ಲಿ ಅವು ಆಗಲೇ ಕೂಡಿದ್ದವು.

1932ರಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಅನಂತಮೂರ್ತಿಯವರ ಮೊದಲ ಪಾಠ ಅಗ್ರಹಾರದ್ದು, ದೂರ್ವಾಸಪುರದ ಸಂಸ್ಕೃತ ಪಾಠಶಾಲೆಯದು. 1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಅವರಿಗೆ ಹದಿನೆಂಟು ವರ್ಷ. ಗೇಣಿ ಬತ್ತ ಅಳೆಯುವ ಕೊಳಗದ ಗಾತ್ರದಿಂದ ಎದ್ದ ತಕರಾರು ಅದು. ಗೇಣಿದಾರರಾಗಿದ್ದ ದೀವರು ಸಮುದಾಯದ ರೈತರಿಗೆ ಕೊಳಗದ ಮೋಸದಷ್ಟೇ ನೋವಿನದು ಜಮೀನಿನ ಒಡೆಯರ ಮುಂದೆ ತಗ್ಗಿ ನಿಲ್ಲಬೇಕಾದ ಕಟ್ಟುಪಾಡು. ಎಚ್. ಗಣಪತಿಯಪ್ಪ ಕಟ್ಟಿದ ರೈತ ಸಂಘಟನೆಯ ಬೆನ್ನಿಗೆ ಸಮಾಜವಾದಿಗಳು ನಿಂತರು. ಜೂನ್‌ನಲ್ಲಿ ಅವರ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷ ಸಮಾಜವಾದಿ ಶಾಂತವೇರಿ ಗೋಪಾಲಗೌಡರನ್ನು ಸಾಗರ–ಹೊಸನಗರದ ಜನ ವಿಧಾನಸಭೆಗೆ ಕಳಿಸಿದರು. ಮುಂದೆ 1962 ಮತ್ತು 1967ರಲ್ಲಿ ತೀರ್ಥಹಳ್ಳಿಯ ಜನ ಅವರನ್ನು ಗೆಲ್ಲಿಸಿದರು.

ಮಾರ್ಕ್ಸ್ ಹೇಳಿದ ವರ್ಗ ಇಲ್ಲಿ ಬರಿಯ ವರ್ಗವಾಗಿ ಸಿಗುವುದಿಲ್ಲ, ಜಾತಿಯನ್ನು ಹೊದ್ದುಕೊಂಡೇ ಸಿಗುತ್ತದೆ ಎಂಬುದನ್ನು ಲೋಹಿಯಾ ಪಟ್ಟು ಹಿಡಿದು ಹೇಳಿದರು. ರಾಮ, ಕೃಷ್ಣ, ಶಿವರ ಬಗ್ಗೆ ಅಷ್ಟೇ ಪ್ರೀತಿಯಿಂದ ಬರೆದವರೂ ಅವರೇ. ನಾಸ್ತಿಕ ರಾಜಕಾರಣಿಯೊಬ್ಬ ಜನರ ದೇವರನ್ನು ಹೀಗೆ ಬಾಯ್ತುಂಬ ಮಾತಾಡಿಸಬಹುದು ಎಂಬುದು ಮಲೆನಾಡಿನ ಯುವಕರಿಗೆ ದೊಡ್ಡ ಬಿಡುಗಡೆ. ಆ ಯುವಕರಲ್ಲೊಬ್ಬರಾದ ಅನಂತಮೂರ್ತಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಆರಿಸಿಕೊಂಡದ್ದು 1930ರ ದಶಕದ ಇಂಗ್ಲಿಷ್ ಕಥನ ಮತ್ತು ರಾಜಕೀಯವನ್ನು. ಕಮ್ಯುನಿಸ್ಟ್ ಲೇಖಕ ಎಡ್ವರ್ಡ್ ಅಪ್‌ವರ್ಡ್ ಆ ಅಧ್ಯಯನದ ಇಬ್ಬರು ಮುಖ್ಯ ಲೇಖಕರಲ್ಲಿ ಒಬ್ಬ. ಅಲ್ಲಿದ್ದಾಗಲೇ ಅವರು ದೂರ್ವಾಸಪುರದ ಅಗ್ರಹಾರವನ್ನು ಮನಸ್ಸಿನಲ್ಲಿ ಹೊತ್ತು ‘ಸಂಸ್ಕಾರ’ ಕಾದಂಬರಿ ಬರೆದರು; ಅದು 1965ರಲ್ಲಿ ಅಚ್ಚಾಯಿತು.

ಆದರೆ ಮಾರ್ಕ್ಸ್ ಮತ್ತು ದೇವರ ಪ್ರಶ್ನೆಯ ದೃಷ್ಟಿಯಿಂದ ಅವರ ಅತ್ಯಂತ ಮಹತ್ವದ ಕೃತಿ 1973ರ ‘ಭಾರತೀಪುರ’. ಇಂಗ್ಲೆಂಡಿನಿಂದ ಮರಳಿದ ಜಮೀನ್ದಾರ ಜಗನ್ನಾಥ ಹೊಲೆಯರನ್ನು ಮಂಜುನಾಥನ ಗುಡಿಯೊಳಗೆ ಕರೆದೊಯ್ಯಲು ಹೊರಡುತ್ತಾನೆ. ಮನೆಯ ಸಾಲಿಗ್ರಾಮವನ್ನು ತಂದು ಅವರ ಮುಂದೆ ಹಿಡಿದು ಮುಟ್ಟಿ ಎನ್ನುತ್ತಾನೆ. ಅವರು ಹೆದರಿ ಹಿಂಜರಿಯುತ್ತಾರೆ. ಈತ ಸಿಟ್ಟಿಗೆದ್ದು ಬಲವಂತ ಮಾಡುತ್ತಾನೆ. ಬರಿಯ ಕಲ್ಲೆಂದು ತೋರಿಸಲು ತಂದದ್ದು ಆ ಗಳಿಗೆಯಲ್ಲಿ ಎಂದಿಗಿಂತ ಹೆಚ್ಚು ದೈವವಾಗಿಬಿಡುತ್ತದೆ. ಬಿಡುಗಡೆ ಮಾಡಲು ಬಂದವನು ಒಡೆಯನಾಗಿಯೇ ಉಳಿಯುತ್ತಾನೆ.

ಇದೇ ಹೊತ್ತಿಗೆ, 1971ರಲ್ಲಿ, ಪೆರು ದೇಶದ ಪಾದ್ರಿ ಗುಸ್ತಾವೊ ಗುಟಿಯೆರೆಸ್ ವಿಮೋಚನೆಯ ದೇವತಾಶಾಸ್ತ್ರದ ಮುಖ್ಯ ಗ್ರಂಥವನ್ನು ಪ್ರಕಟಿಸಿದ್ದರು. ದೇವರನ್ನು ಕುರಿತ ಚಿಂತನೆ ಬಡವರ ಹೋರಾಟದಿಂದಲೇ ಶುರುವಾಗಬೇಕು ಎಂಬುದು ಅವರ ವಾದ. ಆದರೆ ಅಲ್ಲಿ ಕೂಲಿಯವನಿಗೂ ಜಮೀನ್ದಾರನಿಗೂ ಒಂದೇ ಚರ್ಚು, ಒಂದೇ ಬೈಬಲ್ಲು. ಗುಲಾಮರ ಪರ ನಿಂತ ದೇವರ ಕಥೆ ಆ ಗ್ರಂಥದಲ್ಲೇ ಇತ್ತು. ಇಲ್ಲಿ ಗುಡಿಯ ಹೊಸ್ತಿಲೇ ಗೆರೆ. ಲ್ಯಾಟಿನ್ ಅಮೆರಿಕದ ಆ ದಾರಿ ಮಲೆನಾಡಿನಲ್ಲಿ ಹಾಗೆಯೇ ನಡೆಯಲಾರದು ಎಂಬುದಕ್ಕೆ ‘ಭಾರತೀಪುರ’ಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನಾನು ಓದಿಲ್ಲ. ಹಾಗಿದ್ದರೂ ಹೊಲೆಯರು ಆ ಕಾದಂಬರಿಯಲ್ಲಿ ನೆರಳುಗಳಂತೆ ಉಳಿದರು ಎಂಬ ಆಕ್ಷೇಪ ನ್ಯಾಯವಾದದ್ದೇ.

ಗೋಪಾಲಗೌಡರ ಬದುಕಿನ ನೆರಳಿರುವ ‘ಅವಸ್ಥೆ’ (1978) ಕಾದಂಬರಿಯಲ್ಲಿ ಈ ವಾಗ್ವಾದ ಒಬ್ಬ ಮನುಷ್ಯನೊಳಗೇ ನಡೆಯುತ್ತದೆ. ದನ ಕಾಯುವ ಹುಡುಗ ಕೃಷ್ಣಪ್ಪಗೌಡನನ್ನು ಗುರುತಿಸಿ ಓದಿಗೆ ಹಚ್ಚುವವನು ದೇವಿಯ ಉಪಾಸಕ ಮಹೇಶ್ವರಯ್ಯ. ಕೃಷ್ಣಪ್ಪನಿಗೆ ಕ್ರಾಂತಿಯ ಪಾಠ ಹೇಳುವವನು ಮಾರ್ಕ್ಸ್‌ವಾದಿ ಅಣ್ಣಾಜಿ. ಇಬ್ಬರಲ್ಲಿ ಯಾರನ್ನೂ ಲೇಖಕರು ಸಣ್ಣವರನ್ನಾಗಿ ಮಾಡಲಿಲ್ಲ.

ನನ್ನ ತಕರಾರಿರುವುದು ಆನಂತರದ ಅನಂತಮೂರ್ತಿಯವರೊಂದಿಗೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು 1986ರಲ್ಲಿ ತಡೆಯಲು ಹೋದ ದಲಿತ ಸಂಘರ್ಷ ಸಮಿತಿಯ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಭಕ್ತರು ತಿರುಗಿಬಿದ್ದರು. ಅದರ ಬಳಿಕ ಅನಂತಮೂರ್ತಿ ‘ಬೆತ್ತಲೆ ಪೂಜೆ ಯಾಕೆ ಕೂಡದು?’ ಎಂದು ಬರಹವೊಂದರಲ್ಲಿ ಕೇಳಿದರು. ಗುಡಿಸಲೊಳಗಿನ ದೇವರ ಕಲ್ಲನ್ನು ಫೋಟೊಗಾಗಿ ಹೊರಗೆ ತಂದ ಕಲಾವಿದ ತಪ್ಪಾಯಿತೇನೋ ಎಂದು ಅಳುಕಿದಾಗ, ಇನ್ನೊಂದು ಕಲ್ಲು ತಂದು ಕುಂಕುಮ ಹಚ್ಚಿದರಾಯಿತು ಎಂದ ರೈತನನ್ನು ಅವರು ನೆನೆಯುವುದು ಅಲ್ಲೇ. ಆ ರೈತನ ದೇವರು ನಮ್ಮ ತರ್ಕಕ್ಕಿಂತ ಉದಾರಿ ಎಂಬ ಅವರ ಮಾತಿನ ಧ್ವನಿ ನಿಜ. ಆದರೆ ಚಂದ್ರಗುತ್ತಿಯಲ್ಲಿ ಬೇಡ ಎಂದವರು ವಿದೇಶದಿಂದ ಬಂದ ಜಗನ್ನಾಥರಲ್ಲ. ಆ ಪೂಜೆಯ ಭಾರ ಹೊತ್ತ ಬಡವರ, ದಲಿತರ ಮನೆಗಳಿಂದಲೇ ಎದ್ದುಬಂದ ಹುಡುಗರು. ಅವರ ‘ಬೇಡ’ವೂ ಒಳಗಿನ ದನಿಯೇ. ಅದನ್ನು ಪಶ್ಚಿಮದ ವೈಚಾರಿಕತೆಯ ಜೊತೆ ಒಂದೇ ತಕ್ಕಡಿಗೆ ಹಾಕಿದ್ದು ಆ ದೊಡ್ಡ ಬರಹದ ದೊಡ್ಡ ಕೊರತೆ. ಸಾಲಿಗ್ರಾಮದ ಪ್ರಸಂಗ ಬರೆದವರಿಗೆ ಈ ವ್ಯತ್ಯಾಸ ಕಾಣಬೇಕಿತ್ತು.

ಈ ಚರ್ಚೆ ಮುಗಿದಿಲ್ಲ. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಕಾಗೋಡಿನ ಸೀಮೆಯ ಗೇಣಿದಾರರು ಗದ್ದೆಯ ಒಡೆಯರಾದರು. 2020ರ ತಿದ್ದುಪಡಿ ಕೃಷಿಕರಲ್ಲದವರಿಗೂ ಕೃಷಿ ಜಮೀನು ಕೊಳ್ಳುವ ಬಾಗಿಲು ತೆರೆಯಿತು. ಆಗ ಸಾಗರದಲ್ಲಾಗಲೀ ತೀರ್ಥಹಳ್ಳಿಯಲ್ಲಾಗಲೀ 1951ರಂಥ ಕೂಗು ಏಳಲಿಲ್ಲ. ಲಿಂಗನಮಕ್ಕಿ ಅಣೆಕಟ್ಟಿಗಾಗಿ ನೆಲ ಬಿಟ್ಟ ಸಾಗರ, ಹೊಸನಗರದ ಕುಟುಂಬಗಳು ಹಕ್ಕುಪತ್ರಕ್ಕಾಗಿ ದಶಕಗಳಿಂದ ಕಚೇರಿ ಅಲೆದಿವೆ. ಅದೇ ಹಿನ್ನೀರಿನ ನಡುವಿನ ಸಿಗಂದೂರು ಚೌಡೇಶ್ವರಿಗೆ ನಾಡೆಲ್ಲೆಡೆಯಿಂದ ಭಕ್ತರು ಬರುತ್ತಾರೆ. 2025ರ ಜುಲೈನಲ್ಲಿ ಅಲ್ಲಿಗೆ ಸೇತುವೆಯೂ ತೆರೆಯಿತು.

ಇಂದು ಎಡಪಂಥದ ಗೆಳೆಯರು ಸಿಗಂದೂರಿನ ಸರತಿಯನ್ನು ಮೌಢ್ಯವೆಂದು ಬದಿಗೆ ಸರಿಸುತ್ತಾರೆ. ದೇವರ ಹೆಸರಲ್ಲಿ ರಾಜಕೀಯ ಮಾಡುವವರು ಹಕ್ಕುಪತ್ರದ ಮಾತನ್ನು ಚುನಾವಣೆಗೆ ಮಾತ್ರ ಎತ್ತುತ್ತಾರೆ. ಹರಕೆ ಹೊತ್ತು ನಿಂತವರೂ ಹಕ್ಕುಪತ್ರ ಕೇಳುವವರೂ ಎಷ್ಟೋ ಸಲ ಒಂದೇ ಮನೆಯವರು. ಸಮಾಜವಾದದ ಹೆಸರು ಹೇಳುವ ಮಲೆನಾಡಿನ ಯಾವುದೇ ಸಂಘಟನೆ ತನ್ನ ಮುಂದಿನ ಸಭೆಯನ್ನು ಶಿವಮೊಗ್ಗದ ಸಭಾಂಗಣದಲ್ಲಿ ಕರೆಯುವುದು ಬಿಟ್ಟು, ಆ ಹಿನ್ನೀರಿನ ಊರುಗಳಲ್ಲಿ, ಆ ಮನೆಗಳ ಜಗಲಿಯಲ್ಲಿ ಕರೆಯಲಿ.