ಹಳೇ ಪಿಕಪ್‌ಗೆ ಹೊಸ ಎಂಜಿನ್: ಆರ್.ಸಿ. ಪುಸ್ತಕದ ಗತಿ ಏನು?

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ತೋಟಗಳಲ್ಲಿ ಹಳೇ ಜೀಪು, ಜೀಪಿನ ಪಿಕಪ್ಪುಗಳಿಗೆ ಇನ್ನೂ ಬೆಲೆಯಿದೆ. ಅಪ್ಪನ ಕಾಲದ ಗಾಡಿ, ಮಾರೋಕೆ ಮನಸ್ಸಿಲ್ಲ. ಹಾಗಂತ ದಿನಾ ಓಡಿಸೋಣವೆಂದರೆ ಸ್ಟೇರಿಂಗ್ ತಿರುಗಿಸಿ ಭುಜ ನೋವು, ಗುಂಡಿಗೆ ಬಿದ್ದರೆ ಸೊಂಟ ಹಿಡಿಯುತ್ತೆ, ಬ್ರೇಕ್ ಒತ್ತಿದರೆ ದೇವರೇ ಗತಿ. ಇದಕ್ಕೆಲ್ಲ ಗ್ಯಾರೇಜಿನವರ ಹತ್ತಿರ ಈಗ ಔಷಧವಿದೆ. ಹಳೇ ಬಾಡಿ ಹಾಗೇ ಉಳಿಸಿ ಒಳಗೆ ಹೊಸ ಡೀಸೆಲ್ ಎಂಜಿನ್, ಪವರ್ ಸ್ಟೇರಿಂಗ್, ಡಿಸ್ಕ್ ಬ್ರೇಕ್, ಏ.ಸಿ., ಮೆತ್ತನೆ ಸೀಟು. ಹೊರಗಿಂದ ನೋಡಿದರೆ ಅಜ್ಜ, ಒಳಗೆ ಮೊಮ್ಮಗ!

ನೋಡೋಕೆ ಚೆಂದ, ಓಡಿಸೋಕೆ ಸುಖ. ಆದರೆ ರಸ್ತೆಗಿಳಿದಾಗ ಕಾನೂನಿನ ಕಣ್ಣಿಗೆ ಅದು ಯಾವ ಗಾಡಿ? ಲಕ್ಷಗಟ್ಟಲೆ ಖರ್ಚು ಮಾಡುವ ಮುನ್ನ ಕೇಳಬೇಕಾದ ಈ ಪ್ರಶ್ನೆಯನ್ನು ಬಹಳ ಮಂದಿ ಖರ್ಚಾದ ಮೇಲೆ ಕೇಳುತ್ತಾರೆ.

ಎಂಜಿನ್ ಬದಲಿಸುವ ರೂಢಿ ಹೊಸದೇನೂ ಅಲ್ಲ. ಮಹೀಂದ್ರಾ ಕಂಪೆನಿ ವಿಲ್ಲೀಸ್ ಜೀಪುಗಳನ್ನು ನಮ್ಮ ದೇಶದಲ್ಲಿ ಜೋಡಿಸತೊಡಗಿದ್ದು 1947ರಲ್ಲಿ. ಮುಂದೆ ಬಂದ ಹರಿಕೇನ್ ಎಂಜಿನ್ ನಾಲ್ಕು ಸಿಲಿಂಡರಿನದು, 2.2 ಲೀಟರಿನದು, ಕುಡಿಯೋದು ಪೆಟ್ರೋಲು. 1973ರ ನಂತರ ಪೆಟ್ರೋಲ್ ದರ ಏರಿದಾಗ ಅದನ್ನು ಇಳಿಸಿ ಡೀಸೆಲ್ ಎಂಜಿನ್ ಕೂರಿಸುವುದೇ ಎಷ್ಟೋ ಗ್ಯಾರೇಜುಗಳಿಗೆ ಅನ್ನದ ದಾರಿಯಾಯಿತು. ಆಗ ಉಳಿತಾಯಕ್ಕೆ ಮಾಡಿಸಿದರು, ಈಗ ಸುಖಕ್ಕೆ ಮಾಡಿಸುತ್ತಾರೆ, ಅಷ್ಟೇ ವ್ಯತ್ಯಾಸ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪೆನಿ ಮೊದಲು ನಮೂದಿಸಿದ ವಿವರಕ್ಕೂ ಆರ್.ಸಿ.ಯ ವಿವರಕ್ಕೂ ತಾಳೆಯಾಗದ ಹಾಗೆ ಮಾಲೀಕ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿ ಮಾಡಿ ಹೇಳಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ 5,000 ರೂ. ದಂಡ ಅಥವಾ 6 ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ಇಟ್ಟಿತು.

ಹಾಗಾದರೆ ದಾರಿಯೇ ಇಲ್ಲವೆ? ಇದೆ, ಆದರೆ ಕಿರಿದು. ಎಂಜಿನ್ ಬದಲಾದರೆ 14 ದಿನದೊಳಗೆ ನೋಂದಣಿ ಕಚೇರಿಗೆ ತಿಳಿಸಿ ಆರ್.ಸಿ.ಯಲ್ಲಿ ಬರೆಸಬೇಕೆಂದು ಅದೇ ಕಲಂ ಹೇಳುತ್ತೆ. ಸಿ.ಎನ್.ಜಿ. ಅಥವಾ ಬ್ಯಾಟರಿಗೆ ಬದಲಿಸಲು ಅನುಮೋದಿತ ಕಿಟ್‌ಗೆ ಅವಕಾಶವಿದೆ. ಆದರೆ ಚಾಸಿ ಕತ್ತರಿಸಿ, ಬೇರೆ ಗಾಡಿಯ ಎಂಜಿನ್, ಗೇರುಪೆಟ್ಟಿಗೆ ತಂದು ವೆಲ್ಡಿಂಗ್ ಹೊಡೆಸಿದರೆ ಕಾಗದ ಎಲ್ಲಿಂದ ತರುವುದು?

‘ವಿಂಟೇಜ್ ಮಾಡಿಸಿಬಿಡೋಣ’ ಅನ್ನೋರೂ ಇದ್ದಾರೆ. 2021ರ ಜುಲೈನಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲು ನೋಂದಣಿಯಾಗಿ 50 ವರ್ಷ ದಾಟಿದ ಸ್ವಂತ ಬಳಕೆಯ ವಾಹನಕ್ಕೆ 20,000 ರೂ. ಕಟ್ಟಿದರೆ ‘ವಿ.ಎ.’ ಅಕ್ಷರದ ಪ್ರತ್ಯೇಕ ನಂಬರು ಸಿಗುತ್ತೆ. ಷರತ್ತು ಎರಡು. ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ನಿಗೆ ದೊಡ್ಡ ಬದಲಾವಣೆ ಆಗಿರಕೂಡದು. ಎರಡನೆಯದು, ಅದನ್ನು ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗಂತೂ ಬಿಡುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಇಂಧನಕ್ಕೆ ಮಾತ್ರ ಹೊರಗೆ ಬರಬಹುದು.

ಅಂದರೆ ಹಳೇದು ಹಾಗೇ ಇದ್ದರೆ ದಿನಾ ಓಡಿಸುವಂತಿಲ್ಲ, ದಿನಾ ಓಡಿಸೋಕೆ ಅಂತ ಹೊಸದು ಮಾಡಿಸಿದರೆ ಹಳೇದೆಂಬ ಮರ್ಯಾದೆ ಇಲ್ಲ. ಅತ್ತ ದರಿ, ಇತ್ತ ಪುಲಿ!

‘ಸಾಹುಕಾರ್ರೇ, ನಂಬರ್ ಪ್ಲೇಟು ಹಳೇದೇ ಇರುತ್ತಲ್ಲ, ಯಾರು ಬಗ್ಗಿ ನೋಡ್ತಾರೆ?’ ಅನ್ನೋದು ಗ್ಯಾರೇಜಿನ ಸಮಾಧಾನ. ಬಗ್ಗಿ ನೋಡೋರು ಇಬ್ಬರಿದ್ದಾರೆ. ಒಬ್ಬ ಎಫ್.ಸಿ. ಕೊಡುವ ಇನ್ಸ್‌ಪೆಕ್ಟರು. ಸ್ವಂತ ಗಾಡಿಗೆ 15 ವರ್ಷದ ನಂತರ ಐದೈದು ವರ್ಷಕ್ಕೊಮ್ಮೆ, 8 ವರ್ಷ ದಾಟಿದ ಬಾಡಿಗೆ ಗಾಡಿಗೆ ವರ್ಷ ವರ್ಷ ತಪಾಸಣೆ. ಇನ್ನೊಬ್ಬ ಅಪಘಾತವಾದ ಮೇಲೆ ಬರುವ ವಿಮಾ ಸರ್ವೇಯರು. ಆರ್.ಸಿ.ಯಲ್ಲೊಂದು ಎಂಜಿನ್, ಗಾಡಿಯಲ್ಲೊಂದು ಎಂಜಿನ್ ಇದ್ದರೆ ಕಂಪೆನಿಗೆ ತಕರಾರು ತೆಗೆಯಲು ಅಷ್ಟು ಸಾಕು. ಆಗ ಪರಿಹಾರದ ಹೊರೆ ಮಾಲೀಕನ ತಲೆ ಮೇಲೆ ಬಂದರೆ ಅಂಗಡಿಯೂ ಹೋಗಬಹುದು, ತೋಟವೂ ಹೋಗಬಹುದು.

ಹಾಗಂತ ಬದಲಾವಣೆಯೆಲ್ಲ ಕೆಟ್ಟದ್ದಲ್ಲ. ಹಳೇ ಜೀಪಿನ ನಾಲ್ಕು ಚಕ್ರದ ಡ್ರಮ್ ಬ್ರೇಕಿಗೂ ಆಯಿಲ್ ಹೋಗುವುದು ಒಂದೇ ಲೈನಿನಲ್ಲಿ. ಎಲ್ಲಿ ಸೋರಿದರೂ ಪೆಡಲ್ ನೆಲ ಮುಟ್ಟುತ್ತೆ. ಶಿರಾಡಿ, ಚಾರ್ಮಾಡಿ ಘಾಟಿ ಇಳಿಯುವಾಗ ಡ್ರಮ್ ಕಾದರೆ ಹಿಡಿತ ಸಡಿಲ. ಎದುರಿಗೆ ಬರೋದು ಐವತ್ತು ಜನ ತುಂಬಿದ ಬಸ್ಸು. ಒಳ್ಳೆ ಬ್ರೇಕ್ ಗಾಡಿಯವನ ಸುಖಕ್ಕಷ್ಟೇ ಅಲ್ಲ, ಆ ಬಸ್ಸಿನವರ ಜೀವಕ್ಕೂ ಬೇಕು.

ಆದರೆ ಆಗುತ್ತಿರುವುದೇನು? ಮೊದಲು ಜೋರಾದ ಎಂಜಿನ್, ಆಮೇಲೆ ಏ.ಸಿ., ಬ್ರೇಕಿನ ಸರದಿ ಬರುವಷ್ಟರಲ್ಲಿ ದುಡ್ಡು ಖಾಲಿ. ಹಳೇ ಡೈನಮೋ ಏ.ಸಿ.ಗೆ ಬೇಕಾದ ಕರೆಂಟು ಕೊಡೋಲ್ಲ, ಹಳೇ ರೇಡಿಯೇಟರು ಘಾಟಿ ಹತ್ತುವಾಗ ಕುದಿಯುತ್ತೆ. ಓಟ ಹೆಚ್ಚಿತು, ನಿಲ್ಲುವ ಶಕ್ತಿ ಹೆಚ್ಚಲಿಲ್ಲ. ಇದು ಅಪಾಯ.

ಆದ್ದರಿಂದ ಮಾಲೀಕರು ಮೊದಲ ಬೋಲ್ಟು ಬಿಚ್ಚುವ ಮುಂಚೆ ಆರ್.ಸಿ. ಹಿಡಿದು ಆರ್.ಟಿ.ಓ. ಕಚೇರಿಗೆ ಹೋಗಿ, ಬೇಕಾದ ಬದಲಾವಣೆಗೆ ಬರಹದಲ್ಲೇ ಅನುಮತಿ ಕೇಳುವುದು ಒಳ್ಳೇದು. ಎಂಜಿನ್ನಿನ ಬಿಲ್ಲು ಜೋಪಾನ ಮಾಡಲಿ, ವಿಮಾ ಕಂಪೆನಿಗೂ ತಿಳಿಸಲಿ. ಕಚೇರಿಯವರ ಹೊಣೆಯೂ ಉಂಟು. ಯಾವ ಬದಲಾವಣೆಗೆ ಅನುಮತಿ ಉಂಟು, ಯಾವುದಕ್ಕಿಲ್ಲ, ಯಾವ ಫಾರಂ, ಎಷ್ಟು ಶುಲ್ಕ ಎಂದು ಕನ್ನಡದಲ್ಲಿ ಒಂದು ಬೋರ್ಡು ಕೌಂಟರಿನ ಮುಂದೆ ತೂಗುಹಾಕಲು ಎಷ್ಟು ಖರ್ಚಾದೀತು? ಅದಿಲ್ಲದ ಕಡೆ ಜನ ಏಜೆಂಟರ ಮಾತು ನಂಬುತ್ತಾರೆ, ಮಾತಿಗೆ ರಸೀದಿ ಇರೋದಿಲ್ಲ.

ಅಪ್ಪನ ಗಾಡಿ ಉಳಿಸಿಕೊಳ್ಳುವ ಆಸೆ ತಪ್ಪಲ್ಲ. ಕಾಗದ ಸರಿ ಮಾಡಿಸಿ, ಬ್ರೇಕ್ ಮೊದಲು ಹಾಕಿಸಿ, ಆಮೇಲೆ ಏ.ಸಿ. ಗಾಳಿ ತಗೊಂಡರೆ ಯಾರ ಅಭ್ಯಂತರವೂ ಇರದು.