ಕಳ್ಳನನ್ನು ಬಿಟ್ಟು ನನ್ನನ್ನು ಬೈದರು

"ಮಕ್ಕಳಿಗೆ ಪಾಠ ಹೇಳಾಕಿ ನೀನು, ನಿನಗ ಇಷ್ಟೂ ತಿಳೀಲಿಲ್ಲೇನ?" ಸುದ್ದಿ ತಿಳಿದ ಕೂಡಲೇ ನಮ್ಮ ಮನೆಯಲ್ಲಿ ಹುಟ್ಟಿದ ಮೊದಲ ಮಾತಿದು. ಎಲ್ಲಿ ದೂರು ಕೊಡಬೇಕೆಂದು ಮಾತ್ರ ಯಾರೂ ಕೇಳಲಿಲ್ಲ.

ಬೆಟಗೇರಿಯ ಮನೆಯಲ್ಲಿ ಧೂಳು ಹಿಡಿದಿದ್ದ ಹೊಲಿಗೆ ಯಂತ್ರವನ್ನು, ಹಳೆಯ ಸಾಮಾನು ಸವಾಲಿಗಿಡುವ ಒಂದು ಆನ್‌ಲೈನ್ ಪೇಟೆಯಲ್ಲಿ ಹಾಕಿದ್ದೆ. ಎರಡೇ ದಿನಕ್ಕೆ ಇಮೇಲ್ ಬಂತು: ಹೆಚ್ಚಿನ ಬೆಲೆ ಬಂದಿದೆ, ಸಂಜೆಯೊಳಗೆ ಖಾತೆ ದೃಢಪಡಿಸಿ, ಇಲ್ಲವಾದರೆ ಸವಾಲು ರದ್ದು. ಅದೇ ಪೇಟೆಯ ಗುರುತು, ಅದೇ ಬಣ್ಣ. ಲಿಂಕ್ ಒತ್ತಿ, ಕೇಳಿದ್ದನ್ನೆಲ್ಲ ತುಂಬಿದೆ. ಒಂಬತ್ತು ಸಾವಿರ ಹೋಯಿತು. ನಾಚಿಕೆಯಿಂದ ಬಾಯಿ ಬಿಡಲಿಲ್ಲ. ಮೂರನೆಯ ದಿನ ಮತ್ತೆ ನಾಲ್ಕು ಸಾವಿರ ಹೋಯಿತು. ಮೊದಲಿನದು ಕಳ್ಳ ಒಯ್ದದ್ದು. ಈ ನಾಲ್ಕು ಸಾವಿರ ನನ್ನ ನಾಚಿಕೆ ಒಯ್ದದ್ದು.

ಕೊರಳಿನ ಸರ ಕಿತ್ತುಕೊಂಡು ಓಡಿದರೆ ಓಣಿಯೆಲ್ಲ ಕಳ್ಳನನ್ನು ಬೈಯುತ್ತದೆ. ಇಲ್ಲಿ ಮಾತ್ರ ಕಳೆದುಕೊಂಡಾಕೆಗೇ ಬೈಗುಳವೇ? ದನದ ಸಂತೆಯಲ್ಲಿ ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುವ ಗಂಡಸರೂ ಮೋಸಹೋಗುತ್ತಾರೆ. ಅದಕ್ಕೆ ವ್ಯಾಪಾರ ಎನ್ನುತ್ತಾರೆ!

ಕಳಿಸಿದವರ ಹೆಸರಷ್ಟೇ ನೋಡಬೇಡಿ. ಅದರ ಹಿಂದಿನ ಪೂರ್ಣ ವಿಳಾಸ ನೋಡಿ. ಒಂದಕ್ಷರ ಹೆಚ್ಚುಕಡಿಮೆ ಇರುತ್ತದೆ. (ಮಕ್ಕಳ ಕಾಪಿಯಲ್ಲಿ ಕಾಗುಣಿತ ತಿದ್ದುವ ನನ್ನ ಕಣ್ಣಿಗೇ ಅದು ಬೀಳಲಿಲ್ಲ.) ಅವಸರ ಮಾಡಿಸುವ ಪತ್ರವನ್ನು ನಂಬಬೇಡಿ. ಮೇಲ್‌ನ ಲಿಂಕ್ ಬಿಟ್ಟು, ಪೇಟೆಯ ಆ್ಯಪ್ ನೀವೇ ತೆರೆದು ನೋಡಿ. ನಮಗೆ ಹಣ ಬರಬೇಕಾದರೆ ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ.

ಹಣ ಹೋಯಿತೆ? ಅತ್ತು ಮುಗಿಯುವವರೆಗೆ ಕಾಯಬೇಡಿ, 1930ಕ್ಕೆ ಫೋನ್ ಮಾಡಿ. ಕಳ್ಳ ತೆಗೆಯುವ ಮೊದಲೇ ಹಣ ತಡೆಯಲು ಬ್ಯಾಂಕುಗಳಿಗೆ ಸೂಚನೆ ಹೋಗುತ್ತದೆ; ತಡವಾದಷ್ಟೂ ಸಿಗುವ ಆಸೆ ಕಡಿಮೆ. ನಿಮ್ಮ ಬ್ಯಾಂಕಿಗೂ ತಿಳಿಸಿ. ಗುಟ್ಟಿನ ಸಂಖ್ಯೆ ನಾವೇ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಮ್ಮದು, ಆಮೇಲಿನದು ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಆ ನಾಲ್ಕು ಸಾವಿರದ ಲೆಕ್ಕ ಈಗ ನಿಮಗೂ ತಿಳಿಯಿತಲ್ಲ?

ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಕ್ಕತಂಗಿಯರು ಇದಕ್ಕಾಗಿ ಗದಗಿನ ಬಸ್ಸು ಹತ್ತಬೇಕಿಲ್ಲ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿ ಮನೆಯಿಂದಲೇ ದೂರು ಬರೆಯಬಹುದು. ಹದ್ದು ನಮ್ಮದಲ್ಲ ಎಂದು ಯಾವ ಠಾಣೆಯೂ ಹಿಂದೆ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಕಾನೂನೇ ಹಾಗಿದೆ. ಹಣ ಹೋಗದಿದ್ದರೂ ಆ ಮೇಲ್ ಅಳಿಸಬೇಡಿ, ದೂರಿನ ಜೊತೆ ಕೊಡಿ. ನೀವು ಅಳಿಸಿದ್ದು ನಾಳೆ ಪಕ್ಕದ ಮನೆಯಾಕೆಗೆ ಬರುತ್ತದೆ.

ನಾನು ನಾಲ್ಕನೆಯ ದಿನ ದೂರು ಕೊಟ್ಟೆ. ಹಣ ಇನ್ನೂ ಬಂದಿಲ್ಲ. ಮನೆಯವರು ಈಗಲೂ ಆಗೊಮ್ಮೆ ಈಗೊಮ್ಮೆ ನಗುತ್ತಾರೆ. ನಗಲಿ, ದೂರಿನ ನಂಬರು ನನ್ನ ಪರ್ಸಿನಲ್ಲಿದೆ.